ಬರವಣಿಗೆಗೂ ಚಿತ್ರಕ್ಕೂ ಒದಗುವ ಫೌಂಟನ್ ಪೆನ್ನು

ಶಾಲೆಯು ತೆರೆಯುವ ಜೂನ್ ತಿಂಗಳಲ್ಲಿ ತಂದೆತಾಯಂದಿರು ನಮ್ಮ ಕಚೇರಿಗೆ ಬಂದು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುವದು: “ಟೀಚರಮ್ಮಾ, ಮಗಳಿಗೆ ಒಂದು ಒಳ್ಳೇ ಫೌಂಟನ್ ಪೆನ್ನು ಕೊಡಿಸಬೇಕೆಂದಿದ್ದೇವೆ. ಅವಳು ಚಿತ್ರವನ್ನೂ ಬರೆಯುತ್ತಾಳೆ. ಎಷ್ಟು ಬೆಲೆಯದನ್ನು ಕೊಳ್ಳೋಣ?” ಪ್ರಶ್ನೆಯು ಬೆಲೆಯಿಂದ ಆರಂಭವಾಗುವದೇ ನನಗೆ ಚಿಂತೆಯನ್ನುಂಟುಮಾಡುತ್ತದೆ. ತಿಂಗಳ ಸಂಬಳದಲ್ಲಿ ಮಿಗಿಸಿ ತಂದ ಪೆನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಯೇ ಒಣಗುತ್ತಿರಲು, ಹುಡುಗಿಯು ಹತ್ತು ರೂಪಾಯಿಯ ಬಾಲ್ ಪೆನ್ನಿನಿಂದಲೇ ಪರೀಕ್ಷೆಗೆ ಕುಳಿತದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಆ ಪೆನ್ನು ಕೆಟ್ಟದ್ದಾಗಿರಲಿಲ್ಲ. ಅವಳ ಕೈಗೂ ಅವಳ ನೋಟ್‌ಪುಸ್ತಕದ ಕಾಗದಕ್ಕೂ ತಕ್ಕದ್ದಾಗಿರಲಿಲ್ಲ, ಅಷ್ಟೇ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಸ್ವಲ್ಪ ಸ್ಥಳವನ್ನು ತೆಗೆದುಕೊಂಡು, ಪೆನ್ನನ್ನು ಯಾವ ಯಾವ ಸಂಗತಿಗಳನ್ನು ನೋಡಿ ಆರಿಸತಕ್ಕದ್ದೆಂಬದನ್ನು ಪೋಷಕರಿಗೂ ನಮ್ಮ ಹಳೇ ವಿದ್ಯಾರ್ಥಿನಿಯರಿಗೂ ವಿವರಿಸಲಪೇಕ್ಷಿಸುತ್ತೇನೆ.

ಬಾಲ್ ಪೆನ್ನು ಇರುವಾಗ ಇದೇತಕ್ಕೆಂದು ಕೇಳುವವರೂ ಉಂಟು. ಹಂಗೆರಿಯ ಲಾಸ್ಲೋ ಬೀರೋ ಎಂಬವರು 1938ರಲ್ಲಿ ಹಕ್ಕುಪತ್ರವನ್ನು ಪಡೆದ ಆ ಸಾಧನವು ಅಗ್ಗವಾದದ್ದು, ಸೋರದು, ಎಲ್ಲಿಯೂ ದೊರಕುವದು. ಆದರೆ ಅದರೊಳಗಿನ ಮಸಿಯು ಅಂಟಾದದ್ದು. ಗುಂಡು ಉರುಳಬೇಕಾದರೆ ಒತ್ತಲೇಬೇಕು. ಮೂರು ಗಂಟೆ ಹೊತ್ತು ಒತ್ತಿ ಬರೆದ ಹುಡುಗಿಯರ ಬೆರಳಿನ ಮೇಲೆ ಬೀಳುವ ಗುಳಿಯನ್ನೂ, ನಡುನಡುವೆ ಅವರು ಕೈ ಕೊಡಹಿಕೊಳ್ಳುವದನ್ನೂ ಪರೀಕ್ಷೆಯ ಕೊಠಡಿಯಲ್ಲಿ ನಿಂತು ನೋಡಿದವರು ಬಲ್ಲರು. ಫೌಂಟನ್ ಪೆನ್ನು ತನ್ನ ಭಾರದಿಂದಲೇ ಬರೆಯುವದು. ಕೈಯು ನಡಿಸಿದರೆ ಸಾಕು, ಒತ್ತಬೇಕಾಗಿಲ್ಲ. ಚಿತ್ರ ಬರೆಯುವವಳಿಗೂ ಇದೇ ಲಾಭ.

ಇದು ಹೇಗೆ ಸಾಧ್ಯವೆಂದರೆ, ನಿಬ್ಬಿನ ನಡುವೆ ಕೂದಲೆಳೆಯಂಥ ಸೀಳೊಂದಿದೆ. ಅದರ ಕೆಳಗೆ ನಾಲಗೆಯಂತೆ ಅಂಟಿಕೊಂಡಿರುವ ಕಪ್ಪು ತುಂಡಿಗೆ ಫೀಡ್ ಎಂದು ಹೆಸರು. ದೀಪದ ಬತ್ತಿಯು ಎಣ್ಣೆಯನ್ನು ಎಳೆದುಕೊಳ್ಳುವಂತೆ ಈ ಸಣ್ಣ ಕಾಲುವೆಗಳು ಮಸಿಯನ್ನು ಎಳೆದು ಕಾಗದಕ್ಕೆ ಮುಟ್ಟಿಸುತ್ತವೆ. ಹೊರಗೆ ಹೋದ ಮಸಿಯಷ್ಟೇ ಗಾಳಿಯು ಒಳಗೆ ಬರಬೇಕು. ಬಾರದಿದ್ದರೆ ಪೆನ್ನು ನಿಂತುಹೋಗುವದು. ಮಿತಿಮೀರಿ ಬಂದರೆ ಮಸಿಯು ತೊಟ್ಟಿಕ್ಕುವದು. ಮಸಿ ಗಾಳಿಗಳ ಈ ಕೊಡುಕೊಳ್ಳುವಿಕೆಯನ್ನು ಸರಿಪಡಿಸಿದ ಫೀಡಿಗೆ ಅಮೆರಿಕದ ಲೂಯಿ ವಾಟರ್‌ಮನ್ನರು 1884ರಲ್ಲಿ ಹಕ್ಕುಪತ್ರವನ್ನು ಪಡೆದರು. ಇಂದಿಗೂ ಪೆನ್ನಿನ ಯೋಗ್ಯತೆಯು ಬಹುಮಟ್ಟಿಗೆ ಈ ತುಂಡಿನಲ್ಲಿಯೂ ನಿಬ್ಬಿನ ಮೊನೆಯಲ್ಲಿಯೂ ಇದೆ; ಹೊರಗಿನ ಹೊಳಪಿನಲ್ಲಿಲ್ಲ.

ಹಾಗಾದರೆ ಚಿನ್ನದ ನಿಬ್ಬು ಬೇಕೋ? ಬೇಡವೆಂದೇ ನನ್ನ ಅಭಿಪ್ರಾಯ. ಹಿಂದಿನ ಮಸಿಗಳಲ್ಲಿ ಆಮ್ಲವಿದ್ದು, ಅದು ಉಕ್ಕನ್ನು ತಿನ್ನುತ್ತಿತ್ತು, ಚಿನ್ನವನ್ನು ತಿನ್ನಲಾರದು. ಆ ಕಾರಣದಿಂದ 14 ಕ್ಯಾರೆಟ್ ಚಿನ್ನದ ನಿಬ್ಬುಗಳು ಪ್ರಸಿದ್ಧವಾದವು. ಈಗಿನ ತುಕ್ಕು ಹಿಡಿಯದ ಉಕ್ಕು ಒಳ್ಳೆಯದಾಗಿದೆ. ಅಲ್ಲದೆ ಕಾಗದವನ್ನು ಮುಟ್ಟುವದು ಚಿನ್ನವೂ ಅಲ್ಲ, ಉಕ್ಕೂ ಅಲ್ಲ. ತುದಿಯಲ್ಲಿ ಬೆಸೆದಿರುವ ಸಾಸಿವೆಗಿಂತ ಚಿಕ್ಕದಾದ ಗಡಸು ಲೋಹದ ಗುಂಡು. ಮೊದಲು ಇದರಲ್ಲಿ ಇರಿಡಿಯಂ ಇರುತ್ತಿತ್ತು. ಈಚಿನವುಗಳಲ್ಲಿ ಅನೇಕಕ್ಕೆ ಅದು ಹೆಸರಿಗೆ ಮಾತ್ರ. ಆದುದರಿಂದ ನಿಬ್ಬಿನ ಮೇಲೆ ಕೊರೆದ ‘ಇರಿಡಿಯಂ’ ಎಂಬ ಮಾತನ್ನು ನೋಡಿ ಹಣ ಕೊಡಬಾರದು. ಬಾಲ್ ಪೆನ್ನಿನಿಂದ ಒತ್ತಿ ರೂಢಿಯಾದ ಕೈಗೆ ಮೆತ್ತನೆಯ ಚಿನ್ನದ ನಿಬ್ಬನ್ನು ಕೊಟ್ಟರೆ ಅದರ ಎರಡು ಕಾಲುಗಳೂ ಅಗಲಿ ಒಂದೇ ವಾರದಲ್ಲಿ ಕೆಡುವದುಂಟು. ಮೊದಲ ಪೆನ್ನಿಗೆ ಗಟ್ಟಿಯಾದ ಉಕ್ಕಿನ ನಿಬ್ಬೇ ಲೇಸು. ಬಿದ್ದು ಬಗ್ಗಿದರೆ ನಿಬ್ಬನ್ನು ಮಾತ್ರ ಬದಲಾಯಿಸಬಹುದಾದ ಪೆನ್ನಾದರೆ ಇನ್ನೂ ಲೇಸು.

ಇನ್ನು ಗೆರೆಯ ದಪ್ಪ. ಅಂಗಡಿಯವರು ಸಾಮಾನ್ಯವಾಗಿ ಎಂ. ಗುರುತಿನ ಮಧ್ಯಮ ನಿಬ್ಬನ್ನು ಕೊಡುತ್ತಾರೆ. ಇಂಗ್ಲಿಷ್ ಬರೆಯುವವರಿಗೆ ಅದು ಸಾಕಾದೀತು, ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಗಳು ದುಂಡಗಿನವು. ತಲೆಕಟ್ಟು, ಕೊಂಬು, ಸುಳಿ, ಅವುಗಳ ಕೆಳಗೆ ಒತ್ತಕ್ಷರಗಳು. ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಎಂಬ ಪದಗಳನ್ನು ಶಾಲೆಯ ಗೆರೆಪುಸ್ತಕದಲ್ಲಿ ದಪ್ಪ ನಿಬ್ಬಿನಿಂದ ಬರೆದು ನೋಡಿರಿ. ಕೆಳಗಿನ ಒತ್ತುಗಳು ಮಸಿ ತುಂಬಿ ಚುಕ್ಕೆಗಳಾಗುವವು, ಬರೆದವಳಿಗೆ ತಿಳಿದಿದ್ದರೂ ಓದುವ ಪರೀಕ್ಷಕರಿಗೆ ಯಕಾರವೋ ರಕಾರವೋ ತಿಳಿಯದು. ಎಫ್. ಗುರುತಿನ ಸಣ್ಣ ಮೊನೆಯನ್ನೇ ಆರಿಸತಕ್ಕದ್ದು. ಇದರಲ್ಲಿಯೂ ಒಂದು ಸೂಕ್ಷ್ಮವುಂಟು. ಜಪಾನಿನವರು ಚಿಕ್ಕ ಚೌಕದೊಳಗೆ ಬಹಳ ಗೆರೆಗಳುಳ್ಳ ಅಕ್ಷರಗಳನ್ನು ಬರೆಯಬೇಕಾದವರು, ಅವರ ಎಫ್. ನಿಬ್ಬು ಯೂರೋಪಿನ ಎಫ್.ಗಿಂತ ಸಾಮಾನ್ಯವಾಗಿ ತೆಳ್ಳಗಿರುವದು. ಸಣ್ಣಕ್ಷರ ಬರೆಯುವ ಹುಡುಗಿಗೆ ಜಪಾನಿನ ನಿಬ್ಬು, ದೊಡ್ಡಕ್ಷರದವಳಿಗೆ ಯೂರೋಪಿನದು ಹೊಂದುವದು.

ಚಿತ್ರಕ್ಕೂ ಈ ಸಣ್ಣ ಮೊನೆಯೇ ಸಾಕೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಮರದ ತೊಗಟೆ, ಹೆಂಚಿನ ಸಾಲು, ಮುದುಕಿಯ ಮುಖದ ಸುಕ್ಕು, ಇವುಗಳಿಗೆ ಬೇಕಾದ ನೆರಳನ್ನು ಒತ್ತೊತ್ತಾದ ಸಣ್ಣ ಗೆರೆಗಳಿಂದಲೇ ತುಂಬುತ್ತೇವೆ. ನಿಬ್ಬನ್ನು ಮಗುಚಿ ಹಿಡಿದರೆ ಇನ್ನೂ ಸಪುರಾದ ಗೆರೆಯು ಬರುವದುಂಟು. ಚಿತ್ರದಲ್ಲಿ ಬಹಳ ಮುಂದುವರಿದವಳಿಗೆ ‘ಫುಡೆ’ ಎಂಬ ಮೊನೆ ಬಾಗಿದ ನಿಬ್ಬು ಉಂಟು. ಆ ಪದಕ್ಕೆ ಜಪಾನೀ ಭಾಷೆಯಲ್ಲಿ ಕುಂಚವೆಂದು ಅರ್ಥ. ಪೆನ್ನನ್ನು ನೆಟ್ಟಗೆ ಹಿಡಿದರೆ ಸಣ್ಣ ಗೆರೆ, ಮಲಗಿಸಿದರೆ ದಪ್ಪ ಗೆರೆ. ಜಪಾನಿನ ಸೈಲರ್ ಕಂಪೆನಿಯ ಇಂಥ ಪೆನ್ನು ವಿಶೇಷ ಬೆಲೆಯದೇನೂ ಅಲ್ಲ. ಆದರೆ ಅದರಿಂದ ಪರೀಕ್ಷೆ ಬರೆಯಲಾಗದು. ಅದು ಎರಡನೆಯ ಪೆನ್ನು, ಮೊದಲನೆಯದಲ್ಲ.

ನಿಜವಾದ ಕಷ್ಟವಿರುವದು ಮಸಿಯಲ್ಲಿ. ಪೋಷಕರು ಪೆನ್ನಿನ ವಿಷಯದಲ್ಲಿ ಹತ್ತು ಅಂಗಡಿಗಳನ್ನು ತಿರುಗಿ, ಮಸಿಯನ್ನು ಕೈಗೆ ಸಿಕ್ಕಿದ ಸೀಸೆಯಿಂದ ತುಂಬುತ್ತಾರೆ. ಚಿತ್ರದ ತರಗತಿಗೆಂದು ಕೊಂಡ ‘ಇಂಡಿಯನ್ ಇಂಕ್’ ಮನೆಯಲ್ಲಿರುವದು. ಕಪ್ಪಗಿದೆ, ನೀರಿಗೆ ಕರಗದು, ಅದನ್ನೇ ಪೆನ್ನಿಗೂ ಹಾಕೋಣವೆಂದು ಹಾಕುವರು. ಪೆನ್ನಿಗೆ ಅದೇ ಮರಣ. ಅದರಲ್ಲಿರುವದು ಹೊಗೆಯ ಕಪ್ಪು, ಜೊತೆಗೆ ಅರಗು ಅಥವಾ ಅಂಟು. ನಮ್ಮ ಪೂರ್ವಿಕರೂ ದೀಪದ ಕಪ್ಪನ್ನು ಗೋಂದಿನೊಡನೆ ಅರೆದೇ ಮಸಿಯನ್ನು ಮಾಡುತ್ತಿದ್ದರು; ಮಸಿಯೆಂಬ ಮಾತು ಹೊಗೆಯ ಕಪ್ಪಿಗೂ ಬರೆಯುವ ದ್ರವಕ್ಕೂ ಒಂದೇ ಆಗಿರುವದನ್ನು ಗಮನಿಸಿರಿ. ಅದ್ದಿ ಬರೆಯುವ ಕಡ್ಡಿಗೆ ಅದು ಒಳ್ಳೆಯದು. ಫೀಡಿನ ಕೂದಲೆಳೆಯ ಕಾಲುವೆಯಲ್ಲಿ ಒಣಗಿದರೆ ಮಾತ್ರ ಅದನ್ನು ತೆಗೆಯುವ ಉಪಾಯವು ಬಹುಶಃ ಇಲ್ಲ.

ಹಾಗೆಂದು ತೊಳೆದರೆ ಹೋಗುವ ನೀಲಿ ಮಸಿಯೊಂದೇ ಗತಿಯೆಂದೂ ಅಲ್ಲ. ನಾನು ಮೊದಲು ಉಪಾಧ್ಯಾಯಿನಿಯಾಗಿದ್ದ ಒಂದು ಶಾಲೆಯಲ್ಲಿ ಮಳೆಗಾಲದಲ್ಲಿ ಮಾಡು ಸೋರಿ ದಾಖಲಾತಿಯ ಹಳೇ ರಿಜಿಸ್ಟರುಗಳು ನೆನೆದವು. ನೀಲಿಗಪ್ಪು ಮಸಿಯಲ್ಲಿ ಬರೆದಿದ್ದ ಹಾಳೆಗಳು ಕಲೆಯಾದರೂ ಓದುವಂತಿದ್ದವು. ನಡುವೆ ಕೆಲವು ವರ್ಷ ಯಾರೋ ತಿಳಿನೀಲಿ ಮಸಿಯನ್ನು ಬಳಸಿದ್ದರು. ಆ ಹಾಳೆಗಳಲ್ಲಿ ಆಕಾಶದ ಬಣ್ಣದ ಮೋಡಗಳ ಹೊರತು ಏನೂ ಉಳಿಯಲಿಲ್ಲ. ಅನೇಕ ವರ್ಷಗಳ ಮೇಲೆ ಹಳೇ ವಿದ್ಯಾರ್ಥಿನಿಯೊಬ್ಬಳು ತನ್ನ ಹುಟ್ಟಿದ ತಾರೀಖಿನ ದಾಖಲೆಗಾಗಿ ಬಂದಳು. ಅವಳ ಹೆಸರಿದ್ದ ಸಾಲು ಆ ಮೋಡದೊಳಗಿತ್ತು. ಅವಳು ಬರಿಗೈಯಲ್ಲಿ ಹಿಂದಿರುಗಿದಳು. ಕೆಲಸಕ್ಕೆ ಅರ್ಜಿ ಹಾಕುವ ಗಡುವು ಆ ವಾರವೇ ಮುಗಿಯುವದಿತ್ತಂತೆ.

ಆ ನೀಲಿಗಪ್ಪು ಮಸಿಯ ಗುಟ್ಟು ನಮ್ಮ ಗಂಧಿಗೆ ಅಂಗಡಿಯದೇ: ಅಣಲೆಕಾಯಿಯಂಥ ಕಾಯಿಗಳ ಒಗರು, ಮತ್ತು ಅನ್ನಭೇದಿ. ಇವೆರಡೂ ಸೇರಿದ ದ್ರವವು ಬರೆಯುವಾಗ ಮಾಸಲಾಗಿದ್ದು, ಕಾಗದದ ಎಳೆಗಳೊಳಗಿಳಿದು, ಗಾಳಿ ತಗಲಿದಂತೆ ಕಪ್ಪಾಗುವದು. ಆ ಮೇಲೆ ನೀರು ಅದನ್ನು ಅಲುಗಿಸಲಾರದು. ಇದರಲ್ಲಿ ಆಮ್ಲವಿರುವದರಿಂದ ಪೆನ್ನಿನಲ್ಲಿ ವಾರಗಟ್ಟಲೆ ಬಿಟ್ಟಿಡಬಾರದು, ಬೇರೆ ಮಸಿಯೊಡನೆ ಬೆರಸಲೂ ಬಾರದು. ಈಗ ನೀಲಿಗಪ್ಪೆಂದು ಮಾರುವ ಎಲ್ಲವೂ ಈ ಜಾತಿಯವಲ್ಲ. ಎಷ್ಟೋ ಬರಿಯ ಬಣ್ಣದ ನೀರು. ಒಂದು ಸಾಲು ಬರೆದು, ಒಂದು ದಿನ ಬಿಟ್ಟು, ನೀರಿನ ಹನಿಯನ್ನು ಹಾಕಿ ನೋಡಿದರೆ ಗೊತ್ತಾಗುವದು.

ಚಿತ್ರದ ಮೇಲೆ ಜಲವರ್ಣವನ್ನು ಹಚ್ಚುವವಳಿಗೆ ಫೌಂಟನ್ ಪೆನ್ನಿಗೆಂದೇ ಅತಿ ನುಣುಪಾಗಿ ಮಾಡಿದ ಕಪ್ಪು ಮಸಿಗಳಿವೆ. ಜಪಾನಿನ ಪ್ಲಾಟಿನಂ ಕಂಪೆನಿಯ ಕಾರ್ಬನ್ ಮಸಿಯು ಅಂಥಾದ್ದು. ಒಣಗಿದ ಮೇಲೆ ನೀರಿಗೆ ಕದಲದು, ಬಿಸಿಲಿಗೆ ಮಾಸದು. ಪೆನ್ನನ್ನು ದಿನವೂ ಉಪಯೋಗಿಸಿ ತಿಂಗಳಿಗೊಮ್ಮೆಯಾದರೂ ತೊಳೆಯುವ ಶಿಸ್ತುಳ್ಳವಳಿಗೆ ಮಾತ್ರ ಅದನ್ನು ಕೊಡಿರಿ. ಸಾಧಾರಣ ನೀಲಿ ಮಸಿಯಲ್ಲಿ ಬರೆದ ಚಿತ್ರವನ್ನು ಚೌಕಟ್ಟು ಹಾಕಿ ಬಿಸಿಲು ಬೀಳುವ ಗೋಡೆಯಲ್ಲಿ ತೂಗುಹಾಕಬೇಡಿರಿ. ಕೆಲವು ವರ್ಷಗಳಲ್ಲಿ ಚೌಕಟ್ಟು ಉಳಿದೀತು. ಅದೇ ಮಸಿಯಿಂದ ಗೆರೆ ಎಳೆದು ಒದ್ದೆ ಕುಂಚದಿಂದ ನೆರಳನ್ನು ಹರಡುವ ಕ್ರಮವು ಮನೋಹರವಾದದ್ದೇ. ಅಭ್ಯಾಸದ ಪುಸ್ತಕಕ್ಕೆ ಅದು ಬಹಳ ಚೆನ್ನ.

ಮಸಿಯನ್ನು ತುಂಬುವ ಬಗೆಗಳಲ್ಲಿ, ತಿರುಗಿಸಿ ಎಳೆದುಕೊಳ್ಳುವ ಕನ್ವರ್ಟರ್ ಎಂಬ ಸಣ್ಣ ಕೊಳವೆಯುಳ್ಳದ್ದು ಶಾಲೆಯ ಹುಡುಗಿಗೆ ಅನುಕೂಲ. ಬರಿಯ ಕಾರ್ಟ್ರಿಜ್ ಆದರೆ ವರ್ಷದ ಖರ್ಚು ಪೆನ್ನಿನ ಬೆಲೆಯನ್ನೇ ಮೀರೀತು. ನಮ್ಮ ದೇಶದಲ್ಲಿ ಎಬೊನೈಟ್ ಎಂಬ ಗಟ್ಟಿ ರಬ್ಬರಿನಿಂದ ಕೈಯಲ್ಲಿ ಕಡೆದು ಮಾಡುವ, ತೊಟ್ಟುಗೊಳವೆಯಿಂದ ಒಡಲೊಳಗೇ ಮಸಿ ಹಾಕುವ ಪೆನ್ನುಗಳು ಬಹು ಕಾಲದಿಂದ ಇವೆ. ರಾಜಮಹೇಂದ್ರಿಯ ಕೆ. ವಿ. ರತ್ನಂ ಅವರು ಮಾಡಿದ ಪೆನ್ನು ಕುಮಾರಪ್ಪನವರ ಮೂಲಕ ಗಾಂಧೀಜಿಯವರಿಗೆ ತಲಪಲು, ಅವರು 1935ರಲ್ಲಿ ವಂದನೆಯ ಪತ್ರವನ್ನು ಬರೆದರು. ಇಂಥ ಪೆನ್ನುಗಳು ಬಹಳ ಮಸಿಯನ್ನು ಹಿಡಿಯುವವು. ದಿನವೆಲ್ಲ ಹೊರಗೆ ಕುಳಿತು ಚಿತ್ರ ಬರೆಯುವವರಿಗೆ ಯೋಗ್ಯ. ಆದರೆ ಮಸಿಯು ತಳ ಸೇರಿದಾಗ ಒಳಗಿನ ಗಾಳಿಯು ಕೈಯ ಕಾವಿಗೆ ಹಿಗ್ಗಿ ಮಸಿಯನ್ನು ಹೊರಗೆ ನೂಕುವದು. ಕಾಲುಭಾಗ ಉಳಿದಿರುವಾಗಲೇ ತುಂಬಿಕೊಂಡರೆ ಆ ತೊಂದರೆಯಿಲ್ಲ. ಬಿಳೀ ರವಿಕೆಯ ಸಮವಸ್ತ್ರಕ್ಕೂ ಅಪಾಯವಿಲ್ಲ.

ಅಂಗಡಿಗೆ ಹೋಗುವಾಗ ಹುಡುಗಿಯನ್ನು ಕರೆದುಕೊಂಡೇ ಹೋಗಿರಿ, ಅವಳ ನೋಟ್‌ಪುಸ್ತಕವನ್ನೂ ಒಯ್ಯಿರಿ. ಅಂಗಡಿಯವರ ನುಣುಪು ಕಾಗದದ ಮೇಲೆ ಎಲ್ಲ ಪೆನ್ನುಗಳೂ ಒಳ್ಳೆಯವೇ. ಅವಳು ತನ್ನ ಹೆಸರನ್ನೂ ಒತ್ತಕ್ಷರಗಳುಳ್ಳ ಎರಡು ಸಾಲುಗಳನ್ನೂ ಬರೆಯಲಿ, ವೇಗವಾಗಿ ಕೆಲವು ಉದ್ದ ಗೆರೆಗಳನ್ನು ಎಳೆಯಲಿ. ನಡುವೆ ಗೆರೆ ಹರಿದರೆ ಆ ಫೀಡು ಚಿತ್ರಕ್ಕೆ ಸಾಲದು. ಮುಚ್ಚಳವಿಲ್ಲದೆ ಎರಡು ನಿಮಿಷ ಇಟ್ಟು ತಿರಿಗಿ ಬರೆಯಲಿ. ಎಡಗೈಯವಳಾದರೆ ಬರೆದದ್ದನ್ನು ಅಂಗೈ ಒರಸುವದೋ ಎಂದು ನೋಡಿರಿ. ಬೇಗನೆ ಒಣಗುವ ಮಸಿಯೂ ಸಣ್ಣ ಮೊನೆಯೂ ಅವಳಿಗೆ ಅವಶ್ಯ. ಅವಳ ಕೈಯನ್ನು ತಿದ್ದಲು ಹೋಗಬೇಡಿರಿ. 1980ರಲ್ಲಿ ಬಂದ ಜರ್ಮನಿಯ ಲಾಮಿ ಸಫಾರಿಯಲ್ಲಿ ಬೆರಳಿಡುವ ಜಾಗವು ಮೂರು ಮೂಲೆಯಾಗಿದ್ದು, ಅದಕ್ಕೆ ಎಡಗೈಯ ನಿಬ್ಬೂ ದೊರೆಯುವದು; ಕೆಲವರಿಗೆ ಆ ಹಿಡಿತವು ಒಗ್ಗದು. ಕೈಯೇ ಹೇಳಬೇಕು. ಕೆಲವು ನೂರು ರೂಪಾಯಿಗಳೊಳಗೆ ಈ ಪರೀಕ್ಷೆಗಳಲ್ಲೆಲ್ಲ ತೇರ್ಗಡೆಯಾಗುವ ಪೆನ್ನು ಸಿಕ್ಕುವದೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಹಳೇ ವಿದ್ಯಾರ್ಥಿನಿಯರಿಗೆ ಇನ್ನೊಂದು ಮಾತು. ನಿಮ್ಮಲ್ಲನೇಕರ ಪೆಟ್ಟಿಗೆಗಳಲ್ಲಿ ತಾಯಿಯದೋ ತಂದೆಯದೋ ಒಂದು ಹಳೇ ಪೆನ್ನು ಇದ್ದೀತು. ಮಗಳಿಗೆ ಹೊಸದನ್ನು ಕೊಳ್ಳುವ ಮೊದಲು ಅದನ್ನು ಹೊರಗೆ ತೆಗೆಯಿರಿ. ನಿಬ್ಬಿರುವ ಭಾಗವನ್ನು ಮಾತ್ರ ತಣ್ಣೀರಿನಲ್ಲಿ ಒಂದು ರಾತ್ರಿ ಇಟ್ಟು, ನೀಲಿ ಇಳಿಯುವದು ನಿಲ್ಲುವವರೆಗೆ ನೀರನ್ನು ಬದಲಾಯಿಸಿರಿ. ಬಿಸಿನೀರನ್ನೂ ಸ್ಪಿರಿಟನ್ನೂ ಮುಟ್ಟಿಸಕೂಡದು. ಎಬೊನೈಟು ಬಿಸಿನೀರಿಗೆ ಕಂದುಬಣ್ಣವಾಗುವದು, ಕೆಲವು ಪ್ಲಾಸ್ಟಿಕ್ಕುಗಳು ಸ್ಪಿರಿಟಿಗೆ ಬಿರಿಯುವವು. ಒಳಗೆ ರಬ್ಬರಿನ ಚೀಲವಿದ್ದು ಅದು ಗಟ್ಟಿಯಾಗಿದ್ದರೆ ನೀವಾಗಿ ಎಳೆಯಬೇಡಿರಿ. ಪೆನ್ನು ದುರಸ್ತಿ ಮಾಡುವವರು ಈಗ ವಿರಳವಾದರೂ ದೊಡ್ಡ ಪಟ್ಟಣಗಳಲ್ಲಿ ಇದ್ದಾರೆ, ಹೊಸ ಚೀಲವನ್ನು ಹಾಕಿಕೊಡುತ್ತಾರೆ.