ಅರ್ಧ ದುರಸ್ತಿಯಾದ ಮಣ್ಣುಗೋಡೆಯ ಹೋಟೆಲು: ಕೊಳ್ಳುವ ಮುನ್ನ

ಕಳೆದ ಮಳೆಗಾಲ ಮುಗಿದ ಮೇಲೆ ಗೋಡಂಬಿ ವ್ಯಾಪಾರದ ಗ್ರಾಹಕರೊಬ್ಬರು ಕಡತವೊಂದನ್ನು ಹಿಡಿದು ನಮ್ಮ ಕಚೇರಿಗೆ ಬಂದರು. ಮಂಗಳೂರಿನ ಹೊರವಲಯದ ಹಳೆಯ ಗುತ್ತಿನ ಮನೆಯೊಂದನ್ನು ಹೋಟೆಲನ್ನಾಗಿ ಪರಿವರ್ತಿಸಲು ಹೊರಟ ಅದರ ಒಡೆಯರು ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಮಾರಾಟಕ್ಕಿಟ್ಟಿದ್ದರು. ಕೆಮ್ಮಣ್ಣಿನ ದಪ್ಪ ಗೋಡೆ, ಹಲಸಿನ ಮರದ ಕಂಬ, ಹೆಂಚಿನ ಮಾಡು. ಮುಂಭಾಗದ ಆರು ಕೊಠಡಿಗಳು ಸಿದ್ಧವಾಗಿದ್ದವು. ಹಿಂಬದಿಯ ಉಪ್ಪರಿಗೆ ಟಾರ್ಪಾಲಿನ ಅಡಿಯಲ್ಲಿತ್ತು. “ಅರ್ಧ ಕೆಲಸ ಆಗಿದೆಯಲ್ಲ ಸಾರ್, ಇನ್ನು ಅರ್ಧ ಮಾತ್ರ” ಎಂದರು. ಆ ‘ಮಾತ್ರ’ ಎಂಬ ಪದವೇ ಈ ಲೇಖನಕ್ಕೆ ಕಾರಣ.

ಇಂತಹ ಕಟ್ಟಡದಲ್ಲಿ ಖರೀದಿದಾರನು ಅಂಜಬೇಕಾದದ್ದು ಬಾಕಿ ಉಳಿದ ಅರ್ಧಕ್ಕಲ್ಲ, ಮುಗಿದ ಅರ್ಧಕ್ಕೆ. ಸಿದ್ಧವಾದ ಕೊಠಡಿಗಳ ಗೋಡೆಗೆ ಸಿಮೆಂಟಿನ ಗಾರೆ ಮೆತ್ತಲಾಗಿತ್ತು. ನೋಡಲು ನುಣುಪು. ಆದರೆ ಮಣ್ಣಿನ ಗೋಡೆಯು ನೆಲದಿಂದ ಹೀರಿದ ತೇವವನ್ನು ಹೊರಬಿಡುತ್ತಲೇ ಇರಬೇಕು. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮೂರಿನಲ್ಲಿ ಇದರ ಫಲವೇನೆಂದು ವಿವರಿಸಬೇಕಾಗಿಲ್ಲ. ಮಳೆ ಕಡಿಮೆಯಿರುವ ನಾಡಿನಲ್ಲಿಯೂ ಇದು ತಪ್ಪಿದ್ದಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ರಾಂಚೋಸ್ ಡಿ ಟಾವೋಸ್ ಎಂಬಲ್ಲಿರುವ ಹಸಿ ಇಟ್ಟಿಗೆಯ ಹಳೆಯ ಇಗರ್ಜಿಗೆ 1967ರಲ್ಲಿ ಸಿಮೆಂಟಿನ ಗಾರೆ ಮಾಡಿಸಿದರು. ಒಳಗಿನ ಮಣ್ಣು ತೇವದಿಂದ ಕೆಟ್ಟದ್ದು ತಿಳಿದ ಮೇಲೆ 1979ರಲ್ಲಿ ಅದನ್ನೆಲ್ಲ ಕಿತ್ತು, ಮರಳಿ ಮಣ್ಣಿನ ಗಾರೆಗೆ ಬಂದರು. ನಮ್ಮ ಗ್ರಾಹಕರ ‘ಮುಗಿದ ಕೆಲಸ’ ಲೆಕ್ಕದಲ್ಲಿ ಆಸ್ತಿಯ ಬದಿಯಲ್ಲಿರಬೇಕೋ ಹೊಣೆಯ ಬದಿಯಲ್ಲೋ ಎಂಬುದನ್ನು ಒಂದು ಗೋಡೆಯ ಗಾರೆ ಕಿತ್ತು ನೋಡಿದ ಮೇಲೆಯೇ ಹೇಳಬಹುದಾಗಿತ್ತು.

ಕಟ್ಟಡದ ವಯಸ್ಸಿಗೂ ಬೆಲೆಯುಂಟು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಹೆರಿಟೇಜ್’ ವರ್ಗೀಕರಣವು 1950ಕ್ಕೆ ಮೊದಲು ಕಟ್ಟಿದ ಕಟ್ಟಡಗಳಿಗೆ ಮೀಸಲು. ಮುಖಭಾಗದ ಮೂಲ ಲಕ್ಷಣವೂ ಉಳಿದಿರಬೇಕು. ಮಾರುವವರು ಹೆಂಚಿನ ಮೇಲಿನ ಕಾರ್ಖಾನೆಯ ಮುದ್ರೆಯನ್ನು ತೋರಿಸಿ “ನೂರು ವರ್ಷದ್ದು” ಎಂದಿದ್ದರಂತೆ. ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅನಂತರ ಇಲ್ಲಿ ಹೆಂಚಿಗೆ ಕೊರತೆಯಾಗಲಿಲ್ಲ. ಹಳೆಯ ಹೆಂಚನ್ನು ಹೊಸ ಮಾಡಿಗೂ ಹೊದಿಸಬಹುದು. ವಿಭಾಗಪತ್ರ, ಮನೆ ತೆರಿಗೆಯ ಹಳೆಯ ರಶೀದಿಗಳೇ ನಂಬತಕ್ಕ ಸಾಕ್ಷ್ಯ.

ಇನ್ನು ವೆಚ್ಚದ ಪಟ್ಟಿ. ದುರಸ್ತಿಗೆ 40 ಲಕ್ಷ ರೂಪಾಯಿ ಎಂದು ಬರೆಯಲಾಗಿತ್ತು. ಬಿಲ್ಲುಗಳಿದ್ದುದು ಅದರ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಇದರಿಂದ ಮೊದಲು ನಷ್ಟವಾಗುವುದು ಮಾರುವವರಿಗೇ. 2001ರ ಏಪ್ರಿಲ್ 1ಕ್ಕೆ ಮೊದಲೇ ಬಂದ ಸ್ವತ್ತಿಗೆ ಆ ದಿನದ ನ್ಯಾಯಯುತ ಬೆಲೆಯನ್ನು, ಮುದ್ರಾಂಕ ಮೌಲ್ಯದ ಮಿತಿಯೊಳಗೆ, ಮೂಲಬೆಲೆಯೆಂದು ಪರಿಗಣಿಸಬಹುದು. ಅನಂತರದ ದುರಸ್ತಿ ವೆಚ್ಚವನ್ನು ಸೇರಿಸಲು ದಾಖಲೆ ಬೇಕು. 2024ರ ಜುಲೈ 23ಕ್ಕೆ ಮುನ್ನ ಪಡೆದ ಸ್ಥಿರಾಸ್ತಿಯಾದರೆ ನಿವಾಸಿ ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಗಳಿಗೂ ಸೂಚ್ಯಂಕವಿಲ್ಲದೆ ಶೇ. 12.5, ಸೂಚ್ಯಂಕ ಸಹಿತ ಶೇ. 20 ಇವೆರಡರಲ್ಲಿ ಕಡಿಮೆಯಾದ ತೆರಿಗೆ ಅನ್ವಯಿಸುತ್ತದೆ. ಕೊಳ್ಳುವವರಿಗೆ ಹೋಟೆಲ್ ಕಟ್ಟಡದ ಮೇಲೆ ಶೇ. 10 ಸವಕಳಿ ದೊರೆಯುವುದು ನಿಜ. ಆದರೆ ಜಾಗಕ್ಕೆ ಸವಕಳಿಯಿಲ್ಲ, ಬಳಕೆಗೆ ಬಾರದ ಭಾಗಕ್ಕೂ ಇಲ್ಲ. ಮಣ್ಣುಗೋಡೆಯ ಸ್ವತ್ತಿನಲ್ಲಿ ಬೆಲೆಯ ಬಹುಪಾಲು ಜಾಗದ್ದೇ.

ಎಲ್ಲಕ್ಕಿಂತ ಗಂಭೀರವಾದದ್ದು ಹಕ್ಕಿನ ಪ್ರಶ್ನೆ. ಮನೆಯು ಅಳಿಯಸಂತಾನ ಕುಟುಂಬದ್ದು. ವಿಭಾಗ ಪಡೆಯುವ ಹಕ್ಕನ್ನು 1949ರ ಮದರಾಸು ಅಳಿಯಸಂತಾನ ಕಾಯಿದೆ ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಪಾಲುಗಳು ಇನ್ನಷ್ಟು ಕವಲೊಡೆದವು. ಕಡತದಲ್ಲಿ ಸಹಿ ಇದ್ದುದು ನಾಲ್ವರದು; ವಂಶವೃಕ್ಷ ಬರೆಸಿದಾಗ ಪಾಲುದಾರರು ಹನ್ನೊಂದು ಮಂದಿ, ಅವರಲ್ಲಿ ಮೂವರು ಕೊಲ್ಲಿ ರಾಷ್ಟ್ರಗಳಲ್ಲಿ. (ಜಾಗದ ಒಂದು ತುಂಡು ಮೂಲಗೇಣಿಯದಾಗಿದ್ದರೆ 2011ರ ಕಾಯಿದೆಯ ಕಡತವನ್ನೂ ಬೇರೆಯಾಗಿ ತೆರೆಯಬೇಕಾಗುತ್ತಿತ್ತು, ಅದೃಷ್ಟವಶಾತ್ ಇಲ್ಲಿ ಹಾಗಿರಲಿಲ್ಲ.) ಒಟ್ಟು ಮೌಲ್ಯ 50 ಲಕ್ಷ ಮುಟ್ಟಿದರೆ ಶೇ. 1 ತೆರಿಗೆ ಮುರಿದು ಕಟ್ಟಬೇಕೆಂಬುದು ಹೆಚ್ಚಿನ ವರ್ತಕರಿಗೆ ಗೊತ್ತು. ಅನಿವಾಸಿ ಪಾಲುದಾರನಿಗೆ ಆ ದರ ಅನ್ವಯಿಸುವುದಿಲ್ಲ. ದೀರ್ಘಾವಧಿ ಲಾಭದ ಶೇ. 12.5ರ ದರ, ಅದರ ಮೇಲೆ ಸರ್ಚಾರ್ಜ್ ಮತ್ತು ಸೆಸ್ಸು. ಮುರಿಯದಿದ್ದರೆ ಇಲಾಖೆ ಹಿಡಿಯುವುದು ಕೊಂಡವನನ್ನು.

ನಮ್ಮ ಗ್ರಾಹಕರು ಮುಂಗಡ ಕೊಡುವುದನ್ನು ತಡೆದು, ಮೊದಲು ಗೋಡೆ ನೋಡೋಣವೆಂದರು. ಮಾರುವವರ ಒಪ್ಪಿಗೆ ಪಡೆದು ಎರಡನೆಯ ಕೊಠಡಿಯಲ್ಲಿ ಮೂರು ಅಡಿ ಗಾರೆ ಕೀಳಿಸಿದರು. ಒಳಗಿನ ಮಣ್ಣು ಕೈಗೆ ಹಿಟ್ಟಿನಂತೆ ಬಂತು. ದುರಸ್ತಿಯ 40 ಲಕ್ಷವನ್ನು ಬೆಲೆಯಿಂದ ಪೂರ್ತಿಯಾಗಿ ಬಿಡಬೇಕೆಂದೂ ಸಿಮೆಂಟು ಕೀಳುವ ಖರ್ಚನ್ನು ಹಂಚಿಕೊಳ್ಳಬೇಕೆಂದೂ ಪತ್ರ ಬರೆದಿದ್ದೇವೆ. ಮಾತುಕತೆ ನಡೆದಿದೆ. ಹನ್ನೊಂದರಲ್ಲಿ ಎಂಟು ಸಹಿಗಳು ಬಂದಿವೆ.