ಸ್ಕಾಟ್ಲೆಂಡ್ ತೋಳಿಗೇರಿದ ನಂದಿನಿ

2024ರ ಜೂನ್ 4ರಂದು ದಾವಣಗೆರೆಯಲ್ಲಿ ಲೋಕಸಭೆ ಫಲಿತಾಂಶದ್ದೇ ಮಾತು. ಪ್ರಭಾ ಮಲ್ಲಿಕಾರ್ಜುನ್ ಗೆದ್ದಿದ್ದರು. ಅದೇ ರಾತ್ರಿ ದೂರದ ಬಾರ್ಬಡೋಸಿನಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಮನ್ಸಿ ಮತ್ತು ಮೈಕಲ್ ಜೋನ್ಸ್ ಇಂಗ್ಲೆಂಡಿನ ಬೌಲರ್‌ಗಳ ಬೆವರಿಳಿಸುತ್ತಿದ್ದರು. 10 ಓವರ್, 90 ರನ್, ಒಂದೂ ವಿಕೆಟ್ ಬಿದ್ದಿರಲಿಲ್ಲ. ಆಮೇಲೆ ಮಳೆ ಸುರಿದು ಪಂದ್ಯವೇ ರದ್ದಾಯಿತು. ಸ್ಕಾಟ್ಲೆಂಡ್ ಆಟಗಾರರ ತೋಳಿನ ಮೇಲೆ ಅಂದು ಕನ್ನಡ ಅಕ್ಷರಗಳಿದ್ದವು: ನಂದಿನಿ.

ಆ ಟಿ20 ವಿಶ್ವಕಪ್‌ನಲ್ಲಿ ನಂದಿನಿ ಹೆಸರಿನಲ್ಲಿ ಹಾಲು ಮಾರುವ ಕರ್ನಾಟಕ ಹಾಲು ಮಹಾಮಂಡಳ ಪ್ರಾಯೋಜಿಸಿದ್ದು ಎರಡು ತಂಡಗಳನ್ನು, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್. ಎರಡೂ ರಗ್ಬಿಯ ನಾಡುಗಳು. ಜಗತ್ತಿನ ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯ ನಡೆದದ್ದೇ ಎಡಿನ್‌ಬರೋದಲ್ಲಿ, 1871ರಲ್ಲಿ. ಅಲ್ಲಿನ ಮರೇಫೀಲ್ಡ್ ಕ್ರೀಡಾಂಗಣ ರಗ್ಬಿಗೆ ತುಂಬಿ ತುಳುಕುತ್ತದೆ. ಕ್ರಿಕೆಟ್ಟಿಗೆ ಅಂಥ ಭಾಗ್ಯವಿಲ್ಲ. 2021ರ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶವನ್ನು 6 ರನ್‌ಗಳಿಂದ ಸೋಲಿಸಿದ ಸ್ಕಾಟ್ಲೆಂಡ್ ತಂಡದ ಹೀರೊ ಕ್ರಿಸ್ ಗ್ರೀವ್ಸ್, ಅದಕ್ಕೆ ಕೆಲವೇ ಸಮಯದ ಹಿಂದೆ ಅಮೆಜಾನ್ ಪಾರ್ಸೆಲ್ ಹಂಚುತ್ತಿದ್ದವರು. ಆ ವರ್ಷದ ಜೆರ್ಸಿಯ ವಿನ್ಯಾಸ ಮಾಡಿದ್ದು ರೆಬೆಕಾ ಡೌನಿ ಎಂಬ 12 ವರ್ಷದ ಹುಡುಗಿ.

ಇವೆರಡು ತಂಡಗಳು ಎದುರಾದಾಗ ಆಟ ಹೇಗಿರುತ್ತದೆ ಎಂದು ತಿಳಿಯಬೇಕಾದರೆ 2023ರ ಜೂನ್ 21ರ ಬುಲವಾಯೊ ಪಂದ್ಯ ನೋಡಬೇಕು. ಏಕದಿನ ವಿಶ್ವಕಪ್‌ನ ಅರ್ಹತಾ ಸುತ್ತು. ಕರ್ಟಿಸ್ ಕ್ಯಾಂಫರ್ 120 ರನ್ ಹೊಡೆದು, ಕುಸಿದಿದ್ದ ಐರ್ಲೆಂಡನ್ನು 286ಕ್ಕೆ ತಂದು ನಿಲ್ಲಿಸಿದರು. ಬೆನ್ನಟ್ಟಿದ ಸ್ಕಾಟ್ಲೆಂಡಿನ ವಿಕೆಟ್‌ಗಳೂ ಉದುರಿದವು. ಕೊನೆಗೆ ಉಳಿದದ್ದು ಮೈಕಲ್ ಲೀಸ್ಕ್ ಮತ್ತು ಬಾಲಂಗೋಚಿಗಳು. ಕಟ್ಟಕಡೆಯ ಎಸೆತದಲ್ಲಿ ಚೆಂಡು ಗಡಿ ದಾಟಿತು. ಒಂದೇ ವಿಕೆಟ್ಟಿನ ಗೆಲುವು, ಲೀಸ್ಕ್ ಔಟಾಗದೆ 91. ಅಷ್ಟೆಲ್ಲ ಮಾಡಿಯೂ ಆ ವರ್ಷದ ವಿಶ್ವಕಪ್‌ಗೆ ಇಬ್ಬರೂ ಬರಲಿಲ್ಲ, ಅರ್ಹತೆ ಸಿಕ್ಕಿದ್ದು ಶ್ರೀಲಂಕಾ ಮತ್ತು ನೆದರ್ಲೆಂಡ್ಸ್‌ಗೆ. ಕ್ರಿಕೆಟ್ ಪ್ರೀತಿಸುವವರು ಮರೆಯಬಾರದ ಪಂದ್ಯ ಅದು. ನಮ್ಮಲ್ಲಿ ಅದನ್ನು ಕಂಡವರು ತೀರಾ ಕಡಿಮೆ.

ಕರ್ನಾಟಕಕ್ಕೆ ಈ ತಂಡಗಳ ನಂಟು ಹೊಸದೇನಲ್ಲ. 2003ರಲ್ಲಿ ರಾಹುಲ್ ದ್ರಾವಿಡ್ ಸ್ಕಾಟ್ಲೆಂಡ್ ಪರವಾಗಿ ಇಂಗ್ಲೆಂಡಿನ ನ್ಯಾಷನಲ್ ಲೀಗ್ ಆಡಿದರು. 11 ಪಂದ್ಯ, 600 ರನ್, 3 ಶತಕ. 2011ರ ಮಾರ್ಚ್ 2ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ, ಕೂದಲಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದ ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ಶತಕ ಬಾರಿಸಿದರು. ಇಂಗ್ಲೆಂಡಿನ 327 ರನ್‌ಗಳನ್ನು ಐರ್ಲೆಂಡ್ ದಾಟಿದ್ದು ಅಂದೇ. 2024ರ ಜೂನ್ 5ರಂದು ನ್ಯೂಯಾರ್ಕಿನಲ್ಲಿ ಭಾರತ ಮತ್ತು ಐರ್ಲೆಂಡ್ ಎದುರಾದಾಗ ಭಾರತದ ಕೋಚ್ ಆಗಿದ್ದವರು ಅದೇ ದ್ರಾವಿಡ್. ಎದುರಾಳಿಗಳ ತೋಳಿನಲ್ಲಿ ನಮ್ಮ ನಂದಿನಿ.

ಹಾಲು ಮಾರುವವರಿಗೆ ಜೆರ್ಸಿ ಯಾಕೆ ಬೇಕು? ದಾರಿ ತೋರಿಸಿದ್ದು ಗುಜರಾತಿನ ಅಮುಲ್. 2011ರ ವಿಶ್ವಕಪ್‌ನಲ್ಲೇ ಅದು ನೆದರ್ಲೆಂಡ್ಸ್ ತಂಡದ ಪ್ರಾಯೋಜಕನಾಗಿತ್ತು. ಚಿಕ್ಕ ತಂಡಕ್ಕೆ ಕಡಿಮೆ ಖರ್ಚು, ದೊಡ್ಡ ತಂಡದ ಎದುರು ಆಡುವ ದಿನ ಕೋಟಿಗಟ್ಟಲೆ ಕಣ್ಣು. ಐಸಿಸಿ ಟೂರ್ನಿಗಳಲ್ಲಿ ಎದೆಯ ಮೇಲೆ ದೇಶದ ಹೆಸರು, ಪ್ರಾಯೋಜಕರಿಗೆ ತೋಳು. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಹಾಲು ತರುತ್ತೇನೆಂದಾಗ ರಾಜ್ಯದಲ್ಲಿ ಎದ್ದ ಕೂಗು ಎಲ್ಲರಿಗೂ ನೆನಪಿದೆ. ಮರುವರ್ಷ ಅಮುಲ್ ಅಮೆರಿಕ ತಂಡವನ್ನು ಹಿಡಿಯಿತು, ನಂದಿನಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡನ್ನು.

ಇದಕ್ಕಿಂತ ಆಳದ ಕಾರಣ ಹಳ್ಳಿಯಲ್ಲಿದೆ. ಹರಿಹರ ತಾಲ್ಲೂಕಿನ ಮಲೇಬೆನ್ನೂರು ಕಡೆ ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಕೊಯ್ಲಾದ ಮೇಲೆ ಹುಲ್ಲಿನ ಬಣವೆ. ಮನೆಗೆ ಎರಡು ಹಸು ಇದ್ದರೆ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವುದು ಬಹುಪಾಲು ಹೆಂಗಸರದೇ ಕೆಲಸ. ಕ್ಯಾನಿನಿಂದ ಒಂದಿಷ್ಟು ಹಾಲನ್ನು ಕಾರ್ಯದರ್ಶಿ ಸಣ್ಣ ಕಪ್ಪಿಗೆ ತೆಗೆದು ಯಂತ್ರಕ್ಕಿಡುತ್ತಾರೆ. ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5 ಬಂದರೆ ಮುಖ ಅರಳುತ್ತದೆ, ಕಮ್ಮಿಯಾದರೆ ದರಕ್ಕೆ ಪೆಟ್ಟು. ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡು ಬಟವಾಡೆಗೆ ಕಾಯಬೇಕು. ಸರ್ಕಾರದ್ದು ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ, ಅದೂ ತಡವಾಗುವುದುಂಟು. ಈ ಹಾಲು ಸೇರುವುದು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗಳ ಒಕ್ಕೂಟಕ್ಕೆ.

1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಈ ಹೈನು ಯೋಜನೆ 1984ರಲ್ಲಿ ಮಹಾಮಂಡಳವಾಯಿತು. ಡಾ. ರಾಜ್‌ಕುಮಾರ್, ಆಮೇಲೆ ಪುನೀತ್, ಸಂಭಾವನೆ ಪಡೆಯದೆ ಅದಕ್ಕೆ ಪ್ರಚಾರ ಮಾಡಿದರು. ಹಾಲು ಹೆಚ್ಚಾದಾಗ ಅದರ ಕಷ್ಟವೇ ಬೇರೆ. ಸಹಕಾರ ಸಂಘ ರೈತರಿಗೆ ‘ಇವತ್ತು ಬೇಡ’ ಅನ್ನುವ ಹಾಗಿಲ್ಲ. ಮಾರಿ ಉಳಿದದ್ದನ್ನು ಪುಡಿ ಮಾಡಬೇಕು, ಪುಡಿಗೆ ಬೆಲೆ ಬಿದ್ದರೆ ಒಕ್ಕೂಟಕ್ಕೆ ನಷ್ಟ. ತುಪ್ಪ, ಸಿಹಿತಿಂಡಿ, ಪೇಯಗಳಾಗಿ ದೂರದ ಊರುಗಳಲ್ಲಿ ಮಾರಾಟವಾದರೆ ಮಾತ್ರ ಲಾಭ. ವಿಶ್ವಕಪ್ ಹೊತ್ತಿಗೆ ‘ನಂದಿನಿ ಸ್ಪ್ಲಾಶ್’ ಎಂಬ ಪೇಯವನ್ನು ಅಮೆರಿಕದಲ್ಲಿ ಪರಿಚಯಿಸಲು ಹೊರಟಿದ್ದು ಇದೇ ಲೆಕ್ಕದಲ್ಲಿ. ಹಾಗಾಗಿ ಜೆರ್ಸಿಯ ಖರ್ಚನ್ನು ದುಂದು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಇನ್ನು ಆ ಟಿ20 ವಿಶ್ವಕಪ್‌ನ ಆಟದಲ್ಲಿ ಸ್ಕಾಟ್ಲೆಂಡ್ ಮನಸ್ಸು ಗೆದ್ದಿತು. ನಮೀಬಿಯ, ಒಮಾನ್ ಎರಡನ್ನೂ ಸೋಲಿಸಿತು. ಸೇಂಟ್ ಲೂಸಿಯದಲ್ಲಿ ಆಸ್ಟ್ರೇಲಿಯದ ಎದುರು 180 ರನ್ ಮಾಡಿ, ಎರಡು ಎಸೆತ ಬಾಕಿ ಇರುವಾಗ ಸೋತಿತು. ಅಂದು ಗೆದ್ದಿದ್ದರೆ ಇಂಗ್ಲೆಂಡ್ ಮನೆಗೆ, ಸ್ಕಾಟ್ಲೆಂಡ್ ಸೂಪರ್ ಎಂಟಕ್ಕೆ. ಐರ್ಲೆಂಡಿಗೆ ಮಾತ್ರ ಕೆಟ್ಟ ಕಾಲ, ಕೆನಡಾ ಎದುರೂ 12 ರನ್‌ಗಳ ಸೋಲು.

ಅದೇ ಜೂನ್ ತಿಂಗಳ ಕೊನೆಗೆ ಮಹಾಮಂಡಳದ ದಿನದ ಹಾಲು ಶೇಖರಣೆ 1 ಕೋಟಿ ಲೀಟರ್ ಮುಟ್ಟಿತು. ಅರ್ಧ ಲೀಟರ್ ಪೊಟ್ಟಣ 550 ಮಿಲಿಲೀಟರ್ ಆಯಿತು, ಬೆಲೆ 22ರಿಂದ 24 ರೂಪಾಯಿಗೆ ಏರಿತು. ಏರಿದ ಎರಡು ರೂಪಾಯಿ ಹೆಚ್ಚುವರಿ ಹಾಲಿನದೇ ಹೊರತು ಹಾಲು ಹಾಕುವವರ ದರ ಏರಿಸಿದ್ದಲ್ಲ. ಪ್ರಾಯೋಜಕತ್ವಕ್ಕೆ ಎಷ್ಟು ಹೋಯಿತು, ಅದರಿಂದ ಹೊರದೇಶದ ಮಾರಾಟ ಎಷ್ಟು ಬೆಳೆಯಿತು ಎಂಬ ಲೆಕ್ಕವನ್ನು ಹರಿಹರದ, ಹೊನ್ನಾಳಿಯ, ಚನ್ನಗಿರಿಯ ಹಳ್ಳಿ ಸಂಘಗಳ ವಾರ್ಷಿಕ ಸಭೆಗಳಲ್ಲಿ ಎದ್ದು ನಿಂತು ಓದಬೇಕು. ತೋಳಿನ ಮೇಲಿನ ಹೆಸರಿಗೆ ಮಾಲೀಕರು ಅವರೇ.