ಮೇಷ್ಟರಾಗಿದ್ದ ನಟ ಬ್ರೆಂಡನ್ ಗ್ಲೀಸನ್

ಹ್ಯಾರಿ ಪಾಟರ್ ಚಿತ್ರಗಳಲ್ಲಿ ಗಿರಗಿರ ತಿರುಗುವ ಕೃತಕ ಕಣ್ಣಿನ ಪ್ರೊಫೆಸರ್ ಮೂಡಿ ನಿಮಗೆ ನೆನಪಿರಬಹುದು. ಆ ಪಾತ್ರ ಮಾಡಿದವರು ಐರ್ಲೆಂಡಿನ ಬ್ರೆಂಡನ್ ಗ್ಲೀಸನ್.

1955ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಇವರು ಹಲವು ವರ್ಷ ಶಾಲೆಯಲ್ಲಿ ಐರಿಷ್ ಮತ್ತು ಇಂಗ್ಲಿಷ್ ಕಲಿಸಿದರು. ಜೊತೆಗೆ ‘ಪ್ಯಾಶನ್ ಮೆಷಿನ್’ ತಂಡದ ನಾಟಕಗಳಲ್ಲಿ ಅಭಿನಯಿಸುತ್ತಿದ್ದರು. 1991ರಲ್ಲಿ ಮೇಷ್ಟರ ಕೆಲಸ ಬಿಟ್ಟು ಪೂರ್ಣಾವಧಿ ನಟರಾದರು. 1995ರ ‘ಬ್ರೇವ್‌ಹಾರ್ಟ್’ನಲ್ಲಿ ನಾಯಕನ ಗೆಳೆಯನಾಗಿ, 1998ರ ‘ದಿ ಜನರಲ್’ನಲ್ಲಿ ಡಬ್ಲಿನ್‌ನ ಕಳ್ಳನಾಗಿ ಹೆಸರು ಮಾಡಿದರು. ‘ದಿ ಬ್ಯಾನ್ಶೀಸ್ ಆಫ್ ಇನಿಶೆರಿನ್’ ಚಿತ್ರಕ್ಕಾಗಿ ಮೊದಲ ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಾಗ ಅವರಿಗೆ 67 ವರ್ಷ.

ನಾನು ಸಿ.ಎ. ಆಗಬೇಕೆಂದು ಅಬ್ಬಾ ಹೇಳುತ್ತಾರೆ. ನನಗೆ ನಾಟಕವೂ ಬೇಕು. ಹದಿನೇಳಕ್ಕೇ ಎರಡರಲ್ಲೊಂದನ್ನು ಬಿಡಬೇಕಿಲ್ಲ ಎಂದು ಗ್ಲೀಸನ್ ಅವರ ಬಗ್ಗೆ ಓದಿದ ಮೇಲೆ ನನಗೆ ಧೈರ್ಯ ಬಂದಿದೆ. ಮೇಷ್ಟರ ಸಂಬಳ ಬರುತ್ತಿದ್ದ ದಿನಗಳಲ್ಲೂ ಅವರು ನಟಿಸುತ್ತಿದ್ದರು.